ಕರೆದರೂ ಬಾರದ ಬೀಗಲ್ ನಾಯಿ ಹಠಮಾರಿಯೇ?

‘ಬೇಟೆ ನಾಯಿ ಮಾತು ಕೇಳದಿದ್ದರೆ ಎರಡೇಟು ಹಾಕಿ, ಒಂದು ಹೊತ್ತು ಉಪವಾಸ ಕೆಡವಿ, ದಾರಿಗೆ ಬರುತ್ತದೆ’ ಎನ್ನುವವರು ಬಹಳ. ಇದು ನಿಜವೇ? ಅಲ್ಲ.

ಬೇಟೆ ನಾಯಿಗಳೆಲ್ಲ ಒಂದೇ ರೀತಿಯಲ್ಲ. ನಮ್ಮ ಮುಧೋಳ ನಾಯಿ ಕಣ್ಣಿಗೆ ಕಂಡದ್ದನ್ನು ಅಟ್ಟಿಸಿ ಹಿಡಿಯುತ್ತದೆ. ಬೀಗಲ್ ಮೂಗನ್ನು ನಂಬುವ ತಳಿ. ಇಂಗ್ಲೆಂಡಿನಲ್ಲಿ ಮೊಲದ ಜಾಡು ಹಿಡಿಯಲೆಂದೇ, ಜಾಡು ಬಿಡದ ನಾಯಿಗಳನ್ನು ಆರಿಸಿ ಬೆಳೆಸಿದ್ದು. ನೆಲ ಮೂಸುತ್ತಾ ಹೊರಟಾಗ ನಿಮ್ಮ ಕೂಗು ಅದರ ಗಮನಕ್ಕೆ ಬರುವುದೇ ಕಷ್ಟ.

ಬೇಲೂರು ತಾಲ್ಲೂಕಿನ ಅರೇಹಳ್ಳಿಯಂಥ ಕಾಫಿ ಸೀಮೆಯಲ್ಲಿ ಇದು ಅಪಾಯಕ್ಕೂ ದಾರಿ. ತೇವದ ನೆಲದಲ್ಲಿ ವಾಸನೆ ಚೆನ್ನಾಗಿ ಉಳಿಯುತ್ತದೆ. ಹಂದಿಯ ಜಾಡು ಹಿಡಿದ ನಾಯಿ ಉರುಳಿಗೆ ಸಿಕ್ಕಬಹುದು. ಕಾಡಾನೆಯನ್ನು ಕೆಣಕಿ, ಹೆದರಿ ನಿಮ್ಮ ಬಳಿಗೇ ಓಡಿಬಂದರೆ ಆನೆಯೂ ಹಿಂದೆ ಬರಬಹುದು. ಇನ್ನು, ನಾಯಿ ಬಿಟ್ಟು ಕಾಡುಪ್ರಾಣಿ ಬೇಟೆಯಾಡಿಸುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ.

ಹಾಗಾದರೆ ಏನು ಮಾಡಬೇಕು?

• ತೋಟದಲ್ಲಿ ಉದ್ದ ಹಗ್ಗವಿಲ್ಲದೆ ಬಿಡಬೇಡಿ.
• ಕರೆಯುವ ಅಭ್ಯಾಸ ಮನೆಯೊಳಗೆ ಶುರುವಾಗಲಿ, ಆಮೇಲೆ ಅಂಗಳ. ಬಂದಾಗಲೆಲ್ಲ ಇಷ್ಟದ ತಿನಿಸು ಕೊಡಿ.
• ತಡವಾಗಿ ಬಂದರೂ ಹೊಡೆಯಬೇಡಿ. ‘ಬಂದರೆ ಏಟು’ ಎಂದಷ್ಟೇ ಅದು ಕಲಿಯುತ್ತದೆ.
• ದಿನವೂ ತಿನಿಸು ಬಚ್ಚಿಟ್ಟು ಹುಡುಕಿಸಿ. ಮೂಗಿಗೆ ಕೆಲಸ ಸಿಕ್ಕರೆ ಮನೆಯಲ್ಲಿ ಗಲಾಟೆ ಕಡಿಮೆ.

ಉಪವಾಸ ಕೆಡವಿದರೆ ಶಿಸ್ತು ಬರುವುದಿಲ್ಲ. ಹಸಿದ ನಾಯಿ ವಾಸನೆಯ ಹಿಂದೆ ಇನ್ನೂ ದೂರ ಹೋಗಬಹುದು. ಅಂಥ ಸಲಹೆ ನಿಮ್ಮ ಮೊಬೈಲಿಗೆ ಬಂದರೆ ಮುಂದಕ್ಕೆ ಕಳಿಸಬೇಡಿ.