ಮಾಟದ ಗುಮಾನಿ ಕೊಲೆಗೆ ರಿಯಾಯಿತಿ ಆಗಬಾರದು

ಗಂಗಾವತಿ, ಕೊಪ್ಪಳ, ಕುಷ್ಟಗಿ, ಯಲಬುರ್ಗಾ ತಾಲ್ಲೂಕುಗಳ ನಾಗರಿಕರ ಹಕ್ಕೊತ್ತಾಯ ಪತ್ರ
ಮಾನ್ಯ ಜಿಲ್ಲಾಧಿಕಾರಿಗಳು, ಕೊಪ್ಪಳ, ಇವರ ಮೂಲಕ ಕರ್ನಾಟಕ ಸರ್ಕಾರಕ್ಕೆ

ಮಗುವಿನ ಜ್ವರ ಬಿಡುವುದಿಲ್ಲ, ಎಮ್ಮೆ ಹಾಲು ಕೊಡುವುದಿಲ್ಲ. ಮನೆಯವರು ಮಂತ್ರವಾದಿಯ ಬಳಿ ಹೇಳಿಕೆ ಕೇಳಲು ಹೋಗುತ್ತಾರೆ. ‘ನಿಮಗ ಮಾಡಿಸ್ಯಾರ, ನಿಮ್ಮ ಓಣ್ಯಾಗ ಇದ್ದಾಕಿನ’ ಎಂಬ ಉತ್ತರ ಬರುತ್ತದೆ. ಆ ಓಣಿಯಲ್ಲಿ ಒಂಟಿ ವಿಧವೆಯೊಬ್ಬಳಿದ್ದರೆ ಹೆಸರು ಹುಡುಕುವ ಕಷ್ಟವೂ ಇಲ್ಲ. ಕೊಲೆಯಾದ ಮೇಲೆ ಅದೇ ಗುಮಾನಿಯನ್ನು ‘ಪ್ರಚೋದನೆ’ ಎಂದು ವಾದಿಸಲು ಕಾನೂನಿನಲ್ಲಿ ಸಂದು ಉಳಿದಿದೆ. ಅದನ್ನು ಮುಚ್ಚಬೇಕು.

1. ಭಾರತೀಯ ನ್ಯಾಯ ಸಂಹಿತೆಯ 101ನೇ ಕಲಮಿನ ಮೊದಲ ವಿನಾಯಿತಿಗೆ ವಿವರಣೆ ಸೇರಿಸಿ: ಮಾಟ ಮಾಡಿದ್ದಾರೆಂಬ ನಂಬಿಕೆ ‘ಗಂಭೀರ ಮತ್ತು ಹಠಾತ್ ಪ್ರಚೋದನೆ’ ಆಗದು. ದಂಡ ಕಾನೂನು ಸಮವರ್ತಿ ಪಟ್ಟಿಯಲ್ಲಿದೆ. ರಾಜ್ಯವೇ ತಿದ್ದುಪಡಿ ತಂದು ರಾಷ್ಟ್ರಪತಿಗಳ ಅಂಕಿತ ಕೇಳಬಹುದು. ಸುಪ್ರೀಂ ಕೋರ್ಟಿನ 1961ರ ನಾನಾವತಿ ತೀರ್ಪು ಆರೋಪಿಯದೇ ಸಮಾಜದ ಸಾಮಾನ್ಯ ಮನುಷ್ಯನನ್ನು ಅಳತೆಗೋಲಾಗಿ ಇಟ್ಟುಕೊಂಡಿತು. ‘ಅವರ ಊರಲ್ಲಿ ಎಲ್ಲರೂ ನಂಬುತ್ತಾರೆ’ ಎಂಬ ವಾದ ನುಸುಳುವುದು ಅಲ್ಲಿಂದಲೇ. ನಂಬುವವರು ನಮ್ಮ ಮನೆಗಳಲ್ಲೂ ಇದ್ದಾರೆ, ಮುಚ್ಚಿಡುವುದೇಕೆ? ಅವರು ತಾಯತ ಕಟ್ಟಿಸಿಕೊಳ್ಳುತ್ತಾರೆ, ಹುಲಿಗೆಮ್ಮನಿಗೆ ಹರಕೆ ಹೊರುತ್ತಾರೆ, ಕೊಡಲಿ ಎತ್ತುವುದಿಲ್ಲ. ಸಿಟ್ಟು ಆರುವಷ್ಟು ಸಮಯ ಸಿಕ್ಕ ಮೇಲೆ ವಿನಾಯಿತಿ ಇಲ್ಲ ಎಂದೂ ಅದೇ ತೀರ್ಪು ಹೇಳಿದೆ. ಅಮಾವಾಸ್ಯೆಯಿಂದ ಅಮಾವಾಸ್ಯೆಗೆ ಬೆಳೆದ ಗುಮಾನಿ ಹಠಾತ್ ಹೇಗಾದೀತು?

2. ‘ತಪ್ಪು ತಿಳಿದೆ’ ಎಂಬ ರಕ್ಷಣೆಯೂ ಸಲ್ಲದು. ಕತ್ತಲಲ್ಲಿ ಕಂಡ ಜನರನ್ನು ದೆವ್ವಗಳೆಂದುಕೊಂಡು ಖುಕ್ರಿ ಬೀಸಿದವನ ಬಿಡುಗಡೆಯನ್ನು ಹಿಂದೆ ಒರಿಸ್ಸಾ ಹೈಕೋರ್ಟ್ ಎತ್ತಿಹಿಡಿದದ್ದುಂಟು. ಆದರೆ ಮಾಟದ ಹೆಸರಲ್ಲಿ ಹೊಡೆಯುವವರಿಗೆ ಎದುರಿಗಿರುವುದು ರೇಷನ್ ಅಂಗಡಿಯ ಸಾಲಿನಲ್ಲಿ ಜೊತೆಗೆ ನಿಲ್ಲುವ ನೆರೆಮನೆಯಾಕೆ ಎಂದು ಚೆನ್ನಾಗಿ ಗೊತ್ತಿರುತ್ತದೆ.

3. ಹೆಸರು ಹೇಳಿದ ಮಂತ್ರವಾದಿಯನ್ನೂ ಆರೋಪಿ ಮಾಡಿ. 2017ರಲ್ಲಿ ಅಂಗೀಕಾರವಾಗಿ 2020ರ ಜನವರಿಯಲ್ಲಿ ಜಾರಿಗೆ ಬಂದ ರಾಜ್ಯದ ವಾಮಾಚಾರ ತಡೆ ಕಾಯ್ದೆಯಲ್ಲಿ 1ರಿಂದ 7 ವರ್ಷದ ಜೈಲು ಇದೆ. ಕೊಲೆ ನಡೆದಾಗ ಅದೊಂದೇ ಸಾಲದು. ದುಷ್ಪ್ರೇರಣೆಯ ಕಲಂ ಹಾಕಿ. ಹೊಡೆದವ ಜೈಲಿಗೆ, ಹೇಳಿದವ ಮುಂದಿನ ಗಿರಾಕಿಗೆ ಎಂಬಂತಾಗಬಾರದು.

4. ಗುಂಪು ಸೇರಿ ಹೊಡೆದಲ್ಲಿ ಇಬ್ಬರು ಮೂವರ ಹೆಸರು ಬರೆದು ಕೈತೊಳೆದುಕೊಳ್ಳಬೇಡಿ. ಇದೇ ಗಂಗಾವತಿ ತಾಲ್ಲೂಕಿನ ಮರಕುಂಬಿಯಲ್ಲಿ 2014ರಲ್ಲಿ ದಲಿತರ ಮೇಲೆ ನಡೆದ ದಾಳಿಗೆ ಕೊಪ್ಪಳದ ನ್ಯಾಯಾಲಯ 2024ರ ಅಕ್ಟೋಬರ್‌ನಲ್ಲಿ 98 ಮಂದಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಆ ಪ್ರಕರಣ ಬೇರೆ. ಆದರೆ ಓಣಿಗೆ ಓಣಿಯೇ ಆರೋಪಿಯಾದರೂ ವಿಚಾರಣೆ ನಡೆಸಬಹುದೆಂಬುದು ಈ ಜಿಲ್ಲೆಗೆ ಗೊತ್ತಿದೆ. ಹತ್ತು ವರ್ಷ ಕಾಯಿಸುವುದು ಮಾತ್ರ ಬೇಡ.

5. ಗಲ್ಲು ಕೇಳುತ್ತಿಲ್ಲ. ಆರೋಪಿಯ ಬಡತನ, ಭಯ ಎಲ್ಲವನ್ನೂ ಶಿಕ್ಷೆಯ ಪ್ರಮಾಣ ಗೊತ್ತುಮಾಡುವಾಗ ನ್ಯಾಯಾಧೀಶರು ನೋಡಲಿ. ಕೊಲೆಯನ್ನು ಕೊಲೆಯಲ್ಲ ಎನ್ನಲು ಅದು ನೆಪವಾಗಬಾರದು.

6. ‘ಮಾಟಗಾತಿ’ ಎನಿಸಿಕೊಂಡಾಕೆ ಠಾಣೆಗೆ ಬಂದರೆ ‘ಹಿರಿಯರನ್ನ ಕೂಡಿಸಿ ಬಗೆಹರಿಸಿಕೊಳ್ರಿ’ ಎಂದು ವಾಪಸು ಕಳಿಸಬಾರದು. ಅಂದೇ ಎಫ್‌ಐಆರ್ ಆಗಬೇಕು. ತನಿಖಾಧಿಕಾರಿ ಆಕೆಯ ಹೊಲದ ಪಹಣಿಯನ್ನೂ ತರಿಸಿ ನೋಡಲಿ. ಮಾಟದ ಮಾತಿನ ಹಿಂದೆ ಬದುವಿನ ಜಗಳ ಇರುವುದುಂಟು.