ಆನೆಗೆ ಹನ್ನೊಂದೂವರೆ, ಅಂಗಡಿಗೆ ಒಂದೂವರೆ

ಶಿವಮೊಗ್ಗದ ಸುತ್ತ ನೋಡೋಕೆ ಏನಿದೆ ಅಂತ ಬೆಂಗಳೂರಿನವರನ್ನು ಕೇಳಿದರೆ ಪಟಪಟ ಅಂತ ಹೇಳುತ್ತಾರೆ: ಜೋಗ, ಸಕ್ರೆಬೈಲು, ಸಿಂಹಧಾಮ, ಆಗುಂಬೆ, ಕುಪ್ಪಳಿ. ಅದೇ ಪ್ರಶ್ನೆಯನ್ನು ಗಾಂಧಿ ಬಜಾರಿನ ದಿನಸಿ ವ್ಯಾಪಾರಿಗೆ ಕೇಳಿ ನೋಡಿ. 'ಆನೆ ನೋಡಿ ಎಷ್ಟು ವರ್ಷ ಆಯ್ತೋ ಮಾರಾಯ್ರೆ, ದೊಡ್ಡ ಮಗಳು ಮೂರನೇ ಕ್ಲಾಸಲ್ಲಿದ್ದಾಗ ಹೋಗಿದ್ವಿ' ಅಂತಾನೆ. ಆ ಮಗಳು ಈಗ ಕಾಲೇಜಿಗೆ ಹೋಗುತ್ತಾಳೆ. ಸಕ್ರೆಬೈಲು ಊರಿಂದ ಇರೋದು ಬರೀ 14 ಕಿಲೋಮೀಟರು!

ಇದರಲ್ಲಿ ಆತನ ಸೋಮಾರಿತನ ಏನೂ ಇಲ್ಲ. ಸಕ್ರೆಬೈಲಿನ ಆನೆ ಬಿಡಾರದಲ್ಲಿ ಸಾರ್ವಜನಿಕರಿಗೆ ಪ್ರವೇಶ ಬೆಳಿಗ್ಗೆ 8.30ರಿಂದ 11.30ರ ತನಕ. ಮಾವುತರು, ಕಾವಾಡಿಗಳು ಆನೆಗಳನ್ನು ಕಾಡಿನಿಂದ ಕರೆತಂದು, ತುಂಗೆಯ ಹಿನ್ನೀರಿನಲ್ಲಿ ಮಲಗಿಸಿ ಮೈ ಉಜ್ಜಿ, ಮೇವು ತಿನ್ನಿಸಿ ಮತ್ತೆ ಕಾಡಿಗೆ ಅಟ್ಟುತ್ತಾರೆ. ಆನೆಗೆ ಅದೇ ಸರಿಯಾದ ವೇಳೆ, ಅದನ್ನು ಬದಲಾಯಿಸಿ ಅಂತ ಯಾರೂ ಕೇಳಬಾರದು. ಪ್ರಾಣಿಗೂ ಅದರದ್ದೇ ದಿನಚರಿ ಇರುತ್ತದೆ. ಆದರೆ ಅಂಗಡಿಯವನ ದಿನಚರಿ? ಭಾನುವಾರ ಬೆಳಿಗ್ಗೆಯೇ ಹಾಲು, ಮೊಟ್ಟೆ, ಬ್ರೆಡ್ಡು, ಹೆಸರುಬೇಳೆ ಅಂತ ಗಿರಾಕಿ ಬರೋದು. ಮಧ್ಯಾಹ್ನ ಒಂದೂವರೆಗೆ ಷಟರ್ ಎಳೆದು ಮನೆಗೆ ಬರುವಷ್ಟರಲ್ಲಿ ಆನೆ ಕಾಡಿಗೆ ಹೋಗಿ ಎರಡು ಗಂಟೆ ಆಗಿರುತ್ತದೆ. 'ರೀ, ಈ ವಾರನಾದ್ರೂ ಮಕ್ಕಳನ್ನ ಎಲ್ಲಾದ್ರೂ ಕರ್ಕೊಂಡು ಹೋಗೋಣ' ಅಂತ ಮನೆಯಾಕೆ ಅಂದರೆ, ಎಲ್ಲಿಗೆ ಅಂತ ಹೇಳಬೇಕು ಪಾಪ? ಕೊನೆಗೆ ಮಾಲಿಗೆ ಹೋಗಿ, ಎಸ್ಕಲೇಟರ್ ಹತ್ತಿ ಇಳಿದು, ನಾಲ್ಕು ಐಸ್‌ಕ್ರೀಮಿಗೆ ಆ ದಿನದ ಲಾಭ ಕೊಟ್ಟು ಬರೋದು.

ಮಧ್ಯಾಹ್ನದ ಮೇಲೆ ಹೊರಡುವವರಿಗೆ ಉಳಿದಿರೋದು ಸಾಗರ ರಸ್ತೆಯ ತ್ಯಾವರೆಕೊಪ್ಪ. 1988ರಲ್ಲಿ ಶುರುವಾದ ಹುಲಿ ಮತ್ತು ಸಿಂಹಧಾಮ ಅದು, ಊರಿಂದ ಸುಮಾರು 10 ಕಿಲೋಮೀಟರು. ಕಬ್ಬಿಣದ ಜಾಲರಿಯ ವ್ಯಾನಿನೊಳಗೆ ಮನುಷ್ಯರನ್ನು ತುಂಬಿ, ಹೊರಗೆ ಆರಾಮಾಗಿ ಬಿದ್ದುಕೊಂಡಿರುವ ಸಿಂಹಕ್ಕೆ ತೋರಿಸಿಕೊಂಡು ಬರುತ್ತಾರೆ. ಮಕ್ಕಳಿಗಂತೂ ಅದು ಮರೆಯುವ ಸಂಗತಿಯಲ್ಲ. ಮಂಗಳವಾರ ರಜೆ. ಇದು ಗೊತ್ತಿಲ್ಲದೆ ಮಂಗಳವಾರವೇ ಬುತ್ತಿ ಕಟ್ಟಿಕೊಂಡು ಹೋದರೆ ಗೇಟಿನ ಬೋರ್ಡು ಓದಿಕೊಂಡು ವಾಪಸ್ ಬರಬೇಕು. ಆ ಬೋರ್ಡು ಗೇಟಿನಲ್ಲಿ ಇದ್ದು ಏನು ಪ್ರಯೋಜನ? ಇರಬೇಕಾದದ್ದು ಬಸ್ ಸ್ಟ್ಯಾಂಡಿನಲ್ಲಿ, ಮನುಷ್ಯ ಟಿಕೆಟ್ ತಗೊಳ್ಳೋಕೆ ಮುಂಚೆ.

ಈಗ ಬಸ್ಸಿನ ವಿಷಯ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ರಾಜ್ಯದ ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲ. ಬಯಲುಸೀಮೆಯ ಊರುಗಳ ಹೆಂಗಸರು ಧರ್ಮಸ್ಥಳ, ಹೊರನಾಡು ಅಂತ ಸುತ್ತಿ ಬಂದರು, ಬರಲಿ, ಸಂತೋಷ. ಆದರೆ ಮಲೆನಾಡು ಖಾಸಗಿ ಬಸ್ಸಿನ ಸೀಮೆ. ಬೇರೆ ಬಸ್ಸು ಕಾಣದ ಘಟ್ಟದ ಹಾದಿಗಳಲ್ಲಿ ಜನರನ್ನು ಹೊತ್ತು ತಿರುಗಿದ್ದೇ ಅವು, ಆ ಋಣ ಮರೆಯುವ ಹಾಗಿಲ್ಲ. ಆದರೂ ಖಾಸಗಿ ಬಸ್ಸಿಗೆ ಶಕ್ತಿ ಅನ್ವಯಿಸೋದಿಲ್ಲವಲ್ಲ! ತೀರ್ಥಹಳ್ಳಿ ರಸ್ತೆಯಲ್ಲಿ ಮೊದಲು ಬಂದ ಬಸ್ಸು ಹತ್ತಿದ ಹೆಂಗಸು ಆಧಾರ್ ಕಾರ್ಡು ಪರ್ಸಿನಲ್ಲೇ ಇಟ್ಟುಕೊಂಡು ದುಡ್ಡು ತೆಗೀಬೇಕು. ಗಂಡ, ಹೆಂಡತಿ, ಅತ್ತೆ, ಎರಡು ಮಕ್ಕಳು ಅಂದರೆ ಹೋಗಿ ಬರುವ ಚಾರ್ಜು, ಒಳಗಿನ ಪ್ರವೇಶದ ಟಿಕೆಟ್ಟು, ಮಧ್ಯೆ ಒಂದು ಮಂಡಕ್ಕಿ, ಒಂದು ಎಳನೀರು. ಲೆಕ್ಕ ಹಾಕಿದವನು 'ಮುಂದಿನ ತಿಂಗಳು ನೋಡೋಣ' ಅನ್ನೋದು ಸಹಜ.

ದೊಡ್ಡವರ ಭಾಷಣದಲ್ಲಿ ಪ್ರವಾಸೋದ್ಯಮ ಅಂದರೆ ವಿಮಾನ. 2023ರ ಫೆಬ್ರುವರಿ 27ರಂದು ಸೋಗಾನೆಯಲ್ಲಿ ಕುವೆಂಪು ಹೆಸರಿನ ವಿಮಾನ ನಿಲ್ದಾಣ ಉದ್ಘಾಟನೆ ಆಯಿತು. ಊರಿಗೆ ಅದು ಬೇಕಾಗಿತ್ತು, ಬಂತು. ವಿಮಾನದಲ್ಲಿ ಇಳಿದವನು ಬಾಡಿಗೆ ಕಾರಿನಲ್ಲಿ ಜೋಗ ನೋಡಿ, ಹೋಮ್‌ಸ್ಟೇಯಲ್ಲಿ ಮಲಗಿ ಎದ್ದು ಹೋಗುತ್ತಾನೆ. ಅವನಿಗೆ ದಾರಿ ಸಲೀಸು. ಊರಿನವನೇ ಊರಿನ ಆನೆ ನೋಡೋಕೆ ಹೆದ್ದಾರಿ ಬದಿಯಲ್ಲಿ ಕೈಯಲ್ಲಿ ಮಗು ಹಿಡಿದುಕೊಂಡು ವಾಪಸ್ ಬಸ್ಸಿಗೆ ಕಾಯಬೇಕು. ಪ್ರವಾಸಿ ಅಂದರೆ ಹೊರಗಿಂದ ಬಂದವನು ಮಾತ್ರ ಅನ್ನೋ ಲೆಕ್ಕ ಯಾರು ಮಾಡಿದರೋ! ವರ್ಷದಲ್ಲಿ ಒಂದು ಸಲ ಬರುವವನಿಗಿಂತ ತಿಂಗಳಿಗೊಂದು ಸಲ ಹೋಗಬಲ್ಲ ಊರಿನ ಸಂಸಾರವೇ ಅಲ್ಲಿಯ ಎಳನೀರಿನವನಿಗೆ, ಚುರುಮುರಿಯವನಿಗೆ ಗಟ್ಟಿ ಗಿರಾಕಿ. ವ್ಯಾಪಾರ ಗೊತ್ತಿದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹಾಗಂತ ದುಡ್ಡಿಲ್ಲದೆ ನೋಡುವಂಥದ್ದು ಇಲ್ಲವೇ ಇಲ್ಲ ಅಂತಲ್ಲ. ತೀರ್ಥಹಳ್ಳಿ ರಸ್ತೆಯಲ್ಲೇ, ಸುಮಾರು 30 ಕಿಲೋಮೀಟರಿನಲ್ಲಿ ಮಂಡಗದ್ದೆ. ಮಳೆಗಾಲ ಹಿಡಿಯುತ್ತಿದ್ದ ಹಾಗೆ ತುಂಗೆಯ ನಡುಗಡ್ಡೆಯ ಮರಗಳ ಮೇಲೆ ಬೆಳ್ಳಕ್ಕಿ, ನೀರುಕಾಗೆಗಳು ಗೂಡು ಕಟ್ಟಿ ಮರಿ ಮಾಡುತ್ತವೆ. ಹೊಳೆ ಕೆಂಪಗೆ ತುಂಬಿ ಹರಿಯುತ್ತಾ ಮರದ ಬುಡ ಮುಳುಗಿದ್ದರೂ ಮೇಲೆ ಬಿಳೀ ಹೂವು ಅರಳಿದ ಹಾಗೆ ಹಕ್ಕಿಗಳು ಕೂತಿರುತ್ತವೆ. ರಸ್ತೆ ಬದಿಯಿಂದಲೇ ಕಾಣುತ್ತದೆ. ದಿನಾ ಆ ದಾರಿಯಲ್ಲಿ ಬಸ್ಸಿನಲ್ಲಿ ಓಡಾಡುವ ಮೇಷ್ಟ್ರುಗಳಿಗೆ, ಬ್ಯಾಂಕಿನವರಿಗೆ ಕಿಟಕಿ ಸೀಟು ಸಿಕ್ಕರೆ ಪುಕ್ಕಟೆ ದರ್ಶನ. ಮನೆ ಮಕ್ಕಳಿಗೆ ತೋರಿಸಿದವರು ಎಷ್ಟು ಜನ?

ಹೊಳೆಹೊನ್ನೂರು ಕಡೆ ಹೋದರೆ ಕೂಡ್ಲಿ. ತುಂಗೆ, ಭದ್ರೆ ಎರಡೂ ಸೇರಿ ತುಂಗಭದ್ರೆ ಆಗುವ ಜಾಗ. ಭೂಗೋಳದ ಪುಸ್ತಕದಲ್ಲಿ ಓದಿದ ಮಗು ಅಲ್ಲಿ ನಿಂತು ನೋಡಿದರೆ ಪಾಠ ಬೇರೆ ಬೇಡ. ಹಳೇ ದೇವಸ್ಥಾನಗಳಿವೆ, ನೆರಳಿದೆ, ಚಿತ್ರಾನ್ನದ ಡಬ್ಬಿ ಬಿಚ್ಚೋಕೆ ಹೇಳಿ ಮಾಡಿಸಿದ ಸ್ಥಳ. ಆದರೆ ನೀರಿಗೆ ಇಳಿಯೋದು ಮಾತ್ರ ಬೇಡ. ಎರಡು ಹೊಳೆ ಕೂಡುವಲ್ಲಿ ಮೇಲೆ ಕಾಣುವ ನೀರೇ ಬೇರೆ, ಕೆಳಗಿನ ಸೆಳವೇ ಬೇರೆ.

ಊರೊಳಗೂ ಇದೆ. ಕೋಟೆ ರಸ್ತೆಯಲ್ಲಿ ಶಿವಪ್ಪನಾಯಕನ ಹೆಸರಿನ ಅರಮನೆ, ಅಂಗಳದಲ್ಲಿ ಹಳೇ ಶಿಲ್ಪಗಳು. 17ನೇ ಶತಮಾನದಲ್ಲಿ ಕೆಳದಿ ಆಳಿದ ಶಿವಪ್ಪನಾಯಕ ಹೆಸರು ಮಾಡಿದ್ದು ಭೂಮಿಯ ಫಲ ನೋಡಿ ಕಂದಾಯ ಕಟ್ಟಿದ 'ಶಿಸ್ತಿ'ನಿಂದ. ಅವನ ಊರಿನಲ್ಲಿ ಈಗ ಫುಟ್‌ಪಾತ್ ಮೇಲೆ ಬೈಕು ನಿಲ್ಲಿಸುತ್ತಾರೆ, ಇರಲಿ. 2016ರಲ್ಲಿ ಸ್ಮಾರ್ಟ್ ಸಿಟಿ ಪಟ್ಟಿಗೆ ಊರಿನ ಹೆಸರು ಸೇರಿದ ಮೇಲೆ ತುಂಗೆಯ ದಂಡೆಯಲ್ಲಿ ನಡಿಗೆಯ ಹಾದಿ ಮಾಡಿದರು. ಸಂಜೆ ಅಂಗಡಿ ಮುಚ್ಚಿ ಹೆಂಡತಿ ಮಕ್ಕಳ ಜೊತೆ ನಾಲ್ಕು ಹೆಜ್ಜೆ ಹಾಕೋಕೆ ಅಂಥ ಜಾಗ ಬೇಕೇ ಬೇಕು. ಬೇಕಾದ್ದು ಅಂದರೆ ಕಟ್ಟಿದವರು ಉದ್ಘಾಟನೆ ಮಾಡಿ ಹೋಗೋದಲ್ಲ, ದಿನಾ ಉರಿಯುವ ದೀಪ, ಹೆಂಗಸರು ಹೋಗಬಹುದಾದ ಶೌಚಾಲಯ, ಕುಡಿಯೋಕೆ ನೀರು. ಅಜ್ಜಿಯನ್ನು ಕರೆದುಕೊಂಡು ಹೋಗುವ ಸಂಸಾರ ಜಾಗದ ಚೆಂದ ನೋಡೋಕೆ ಮುಂಚೆ ಇದನ್ನೇ ನೋಡುತ್ತದೆ.

ಜೋಗದ್ದು ಬೇರೆಯೇ ಕಥೆ. ನೂರು ಕಿಲೋಮೀಟರ್ ಹೋಗೋಕೆ ಒಂದು ದಿನ ಪೂರ್ತಿ ಬೇಕು. 1964ರಲ್ಲಿ ಲಿಂಗನಮಕ್ಕಿ ಕಟ್ಟಿದ ಮೇಲೆ ರಾಜ, ರಾಣಿ, ರೋರರ್, ರಾಕೆಟ್ ನಾಲ್ಕಕ್ಕೂ ಜೀವ ಬರೋದು ಮಳೆ ಮತ್ತು ಅಣೆಕಟ್ಟಿನ ಮರ್ಜಿಯಿಂದ. ಏಪ್ರಿಲ್ ರಜದಲ್ಲಿ ಮಕ್ಕಳನ್ನು ಕರೆದುಕೊಂಡು ಹೋದವರು ಕರೀ ಬಂಡೆ ನೋಡಿ ಬರುತ್ತಾರೆ. 2025ರ ಮೊದಲ ತಿಂಗಳುಗಳಲ್ಲಿ ಕಾಮಗಾರಿ ಅಂತ ಪ್ರವೇಶವೇ ಬಂದ್ ಆಗಿತ್ತು. ಅದೇ ವರ್ಷದ ಜುಲೈ 14ರಂದು ಶರಾವತಿ ಹಿನ್ನೀರಿನ ಮೇಲೆ ಸಿಗಂದೂರಿನ ಸೇತುವೆ ಉದ್ಘಾಟನೆ ಆಯಿತು. ಎರಡು ಕಿಲೋಮೀಟರಿಗೂ ಉದ್ದದ್ದು. ಲಾಂಚಿಗೆ ಕಾದು ಕಾದು ಸುಸ್ತಾಗುತ್ತಿದ್ದ ತುಮರಿ ಕಡೆಯ ಜನಕ್ಕೆ ಅದು ದೊಡ್ಡ ಬಿಡುಗಡೆ. ಲಾಂಚಿನ ಮೇಲೆ ಬಸ್ಸೇ ಹತ್ತಿ ನಿಲ್ಲೋದನ್ನು ಬಾಯಿಬಿಟ್ಟುಕೊಂಡು ನೋಡುತ್ತಿದ್ದ ಮಕ್ಕಳಿಗೆ ಮಾತ್ರ ಸ್ವಲ್ಪ ನಷ್ಟ.

ಕೇಳಬೇಕಾದದ್ದು ದೊಡ್ಡದೇನಲ್ಲ. ಭಾನುವಾರ ಬೆಳಿಗ್ಗೆ ಎಂಟಕ್ಕೆ ಬಸ್ ಸ್ಟ್ಯಾಂಡಿನಿಂದ ಒಂದು ಸರ್ಕಾರಿ ಸಾಮಾನ್ಯ ಬಸ್ಸು: ಸಕ್ರೆಬೈಲು, ಮಳೆಗಾಲವಾದರೆ ಮಂಡಗದ್ದೆ ತನಕ, ಒಂದು ಗಂಟೆಗೆ ವಾಪಸ್. ಮಧ್ಯಾಹ್ನ ಎರಡಕ್ಕೆ ಇನ್ನೊಂದು, ತ್ಯಾವರೆಕೊಪ್ಪಕ್ಕೆ ಹೋಗಿ ದೀಪ ಹಚ್ಚುವ ಹೊತ್ತಿಗೆ ಊರು ಸೇರೋದು. ಹೆಂಗಸರಿಗೆ ಶಕ್ತಿ ಇದ್ದೇ ಇದೆ, ಗಂಡಸರು ಟಿಕೆಟ್ ತಗೊಳ್ಳಲಿ. ಅಂಗಡಿಯವರ ಕಡೆಯಿಂದಲೂ ಒಂದು ಮಾತು ಆಗಬೇಕು. ಬೀದಿಯವರೆಲ್ಲ ಮಾತಾಡಿಕೊಂಡು ತಿಂಗಳಿಗೊಂದು ಭಾನುವಾರ ಬೆಳಿಗ್ಗೆಯೇ ಬಾಗಿಲು ಹಾಕಿದರೆ ಗಿರಾಕಿ ಓಡಿ ಎಲ್ಲಿಗೂ ಹೋಗೋದಿಲ್ಲ. ಪಕ್ಕದವನು ತೆಗೀತಾನೆ ಅನ್ನೋ ಹೆದರಿಕೆಯಿಂದಲೇ ಎಲ್ಲರೂ ತೆಗೆದು ಕೂರೋದು.

ಇನ್ನು ಬೋರ್ಡು. ಆನೆ ಎಷ್ಟು ಹೊತ್ತಿಗೆ, ಸಿಂಹಕ್ಕೆ ಯಾವ ವಾರ ರಜೆ, ಹಕ್ಕಿ ಯಾವ ತಿಂಗಳು, ಕೊನೇ ಬಸ್ಸು ಎಷ್ಟಕ್ಕೆ, ಇಷ್ಟನ್ನು ಕನ್ನಡದಲ್ಲಿ ದಪ್ಪ ಅಕ್ಷರದಲ್ಲಿ ಬರೆಸಿ ಬಸ್ ಸ್ಟ್ಯಾಂಡಿನಲ್ಲಿ ನಿಲ್ಲಿಸೋಕೆ ಟೆಂಡರ್ ಕರೆಯೋದು ಬೇಕಾಗಿಲ್ಲ. ಒಬ್ಬ ಪೇಂಟರು, ಒಂದು ತಗಡು, ಅರ್ಧ ದಿನದ ಕೆಲಸ. ಮಂಡಗದ್ದೆಗೆ ಹಕ್ಕಿ ಬರೋದು ಜೂನ್ ಹೊತ್ತಿಗೆ.