ನರಕ ಹಿಮಗಟ್ಟಿದಾಗ

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬುದು ಹಿರಿಯರ ಎಚ್ಚರಿಕೆ. ಅಮೆರಿಕದ ‘ಈಗಲ್ಸ್’ ಎಂಬ ರಾಕ್ ವಾದ್ಯವೃಂದದ ಕಥೆಯಲ್ಲಿ ಮುತ್ತು ಒಡೆದದ್ದು ನಿಜ. ಆಡಿದ ಮಾತು ಮಾತ್ರ 14 ವರ್ಷಗಳ ತರುವಾಯ ಧ್ವನಿಮುದ್ರಿಕೆಯೊಂದರ ಹೆಸರಾಗಿ ಮರಳಿ ಬಂದಿತು.

1971ರಲ್ಲಿ ಲಾಸ್ ಏಂಜಲಿಸ್‌ನಲ್ಲಿ ಹುಟ್ಟಿದ ಈ ವೃಂದದ ಹೆಗ್ಗಳಿಕೆ ಅದರ ಮೇಳಗಾಯನ. ಹಲವು ಕಂಠಗಳು ಬೇರೆ ಬೇರೆ ಸ್ವರಗಳನ್ನು ಹಿಡಿದು ಒಂದೇ ನಾದವಾಗಿ ಬೆರೆಯಬೇಕಾದರೆ ಒಬ್ಬರಿಗೊಬ್ಬರು ಕಿವಿಗೊಡಲೇಬೇಕು. ಕೀರ್ತಿ ಬೆಳೆದಂತೆ ವೇದಿಕೆಯಾಚೆ ಆ ಗುಣ ಕುಗ್ಗಿತು. 1980ರ ಜುಲೈ 31ರಂದು ಲಾಂಗ್ ಬೀಚ್‌ನ ಕಛೇರಿಯಲ್ಲಿ ಗ್ಲೆನ್ ಫ್ರೈ ಹಾಗೂ ಡಾನ್ ಫೆಲ್ಡರ್ ಹಾಡುಗಳ ನಡುವೆಯೇ ಪರಸ್ಪರ ಬೆದರಿಕೆಯ ಮಾತಾಡಿದರು. ಅದೇ ವರ್ಷ ಹೊರಬಂದ ‘ಈಗಲ್ಸ್ ಲೈವ್’ ಮುದ್ರಿಕೆಯನ್ನು ತಿದ್ದಲು ಫ್ರೈ ಲಾಸ್ ಏಂಜಲಿಸ್‌ನಲ್ಲಿಯೂ ಡಾನ್ ಹೆನ್ಲಿ ದೇಶದ ಇನ್ನೊಂದು ಅಂಚಿನ ಮಯಾಮಿಯಲ್ಲಿಯೂ ಕುಳಿತರು. ಧ್ವನಿಸುರುಳಿಗಳು ಪಾರ್ಸೆಲ್ಲಿನಲ್ಲಿ ಓಡಾಡಿದವು. ಕಂಠಗಳು ಕೂಡಿದವು, ಮನುಷ್ಯರು ಕೂಡಲಿಲ್ಲ.

ಮತ್ತೆ ಒಟ್ಟಿಗೆ ಹಾಡುವುದೆಂದಿಗೆ ಎಂಬ ಪ್ರಶ್ನೆಗೆ ಹೆನ್ಲಿಯ ಉತ್ತರ, ‘ನರಕ ಹಿಮಗಟ್ಟಿದಾಗ’. ಬೆಂಕಿಯ ಕುಂಡಕ್ಕೆ ಹಿಮವೆಲ್ಲಿಂದ ಬರಬೇಕು? ಎಂದೆಂದಿಗೂ ಇಲ್ಲವೆಂದೇ ಅದರ ಅರ್ಥ. ಆದರೆ 1994ರ ಏಪ್ರಿಲ್‌ನಲ್ಲಿ ಹೆನ್ಲಿ, ಫ್ರೈ, ಫೆಲ್ಡರ್, ಜೋ ವಾಲ್ಷ್, ತಿಮೋತಿ ಶ್ಮಿಟ್ ಐವರೂ ಬರ್ಬ್ಯಾಂಕ್‌ನಲ್ಲಿ ಶ್ರೋತೃಗಳೆದುರು ಮರಳಿ ಹಾಡಿದರು. ಬೆನ್ನಿಗೇ ಪ್ರವಾಸವೂ ಆರಂಭವಾಯಿತು. ನವೆಂಬರ್‌ನಲ್ಲಿ ಬಂದ ಮುದ್ರಿಕೆಗೆ ಹೆನ್ಲಿಯ ಮಾತನ್ನೇ ಹೆಸರಾಗಿಟ್ಟರು: ‘ಹೆಲ್ ಫ್ರೀಜಸ್ ಓವರ್’. ಅದರಲ್ಲಿ ಸಭೆಯೆದುರು ಹಾಡಿದ ಹಾಡುಗಳು 11, ಹೊಸವು 4.

ಅವುಗಳಲ್ಲಿ ‘ಹೋಟೆಲ್ ಕ್ಯಾಲಿಫೋರ್ನಿಯ’ವನ್ನು ಗಮನವಿಟ್ಟು ಕೇಳಬೇಕು. 1976ರ ಮುದ್ರಿಕೆಯ ವಿದ್ಯುತ್ ಗಿಟಾರಿನ ಅಬ್ಬರ ಇಲ್ಲಿಲ್ಲ. ಮೃದುತಂತಿಯ ಗಿಟಾರು ಹೊಸದೊಂದು ಪೀಠಿಕೆಯನ್ನು ನಿಧಾನವಾಗಿ ನುಡಿಸುತ್ತ ಹೋಗುತ್ತದೆ. ಸಭೆಗೆ ಮೊದಲು ಗುರುತೇ ಸಿಗುವುದಿಲ್ಲ. ಪರಿಚಿತ ಸ್ವರಗಳು ಮೂಡಿದೊಡನೆ ಹರ್ಷೋದ್ಗಾರ ಉಕ್ಕುತ್ತದೆ. ಅಗಲಿದ್ದವರು ಹಳೆಯದನ್ನು ಹಾಗೆಯೇ ಒಪ್ಪಿಸದೆ, ಮತ್ತೆ ಜೊತೆಗೆ ಕುಳಿತು ಅಭ್ಯಾಸ ಮಾಡಿದ್ದರೆಂಬುದಕ್ಕೆ ಆ ಪೀಠಿಕೆಯೇ ಸಾಕ್ಷಿ.

ಮುನಿಸು ಕರಗಿತೆಂದು ಇದರಿಂದ ತಿಳಿಯಬೇಕಾಗಿಲ್ಲ. ಮಾತು ಬಿಟ್ಟ ಸೋದರರು ಮದುವೆಯ ಪಂಕ್ತಿಯಲ್ಲಿ ಒಟ್ಟಿಗೆ ಉಂಡ ಮಾತ್ರಕ್ಕೆ ಮನಸ್ಸು ಕೂಡೀತೆ? 2001ರಲ್ಲಿ ಫೆಲ್ಡರ್ ಅವರನ್ನು ವೃಂದದಿಂದ ಹೊರಗಿಟ್ಟರು. ವ್ಯಾಜ್ಯ ನ್ಯಾಯಾಲಯಕ್ಕೂ ಹೋಯಿತು. 2016ರ ಜನವರಿಯಲ್ಲಿ ಫ್ರೈ ತೀರಿಕೊಂಡರು. ಆ ಐವರು ಇನ್ನು ಒಂದೆಡೆ ಸೇರುವಂತಿಲ್ಲ.

ಹದಿನಾಲ್ಕು ವರ್ಷಗಳ ಮೌನದ ಬಳಿಕ ಅವರಿಗೆ ದಕ್ಕಿದ್ದು ಏಳೇ ವರ್ಷಗಳ ಕೂಟ. ಹೆನ್ಲಿ ತಮ್ಮ ಮಾತಿಗೇ ಕಟ್ಟುಬಿದ್ದಿದ್ದರೆ ಅದೂ ದಕ್ಕುತ್ತಿರಲಿಲ್ಲ.